ಮಾವನ ದೂಡುವ ಬುಲ್ಡೋಜರ್

ನನ್ನ ಸೋದರಮಾವನಿಗೆ ಜಗತ್ತಿನ ಮುಖದ ಪರಿಚಯವೇ ಇಲ್ಲ. ಬೆನ್ನು ಮಾತ್ರ ಗೊತ್ತು. ಉತ್ಪ್ರೇಕ್ಷೆ ಎನ್ನುತ್ತೀರಾ? ಕೇಳಿ.

ವಿಜಯಪುರದ ಕಡೆಯಿಂದ ಮಹಾರಾಷ್ಟ್ರಕ್ಕೆ ದುಡಿಯಲು ಬಂದ ಅವರು ಹೆದ್ದಾರಿ ಕೆಲಸಗಳಲ್ಲಿ ಬುಲ್ಡೋಜರ್ ಓಡಿಸುತ್ತಿದ್ದರು. ಬುಲ್ಡೋಜರ್ ಎಂದೊಡನೆ ಗುಡ್ಡ ಕೆಡವುವ ವೀರನನ್ನು ಕಲ್ಪಿಸಿಕೊಳ್ಳಬೇಡಿ. ಇವರದು ದೂಡುವ ಬುಲ್ಡೋಜರ್. ಮಣ್ಣು ಕೆರೆದು ಹೊಟ್ಟೆಗೆ ತುಂಬಿಕೊಳ್ಳುವ ಸ್ಕ್ರೇಪರ್ ಎಂಬ ದೈತ್ಯ ಯಂತ್ರವೊಂದಿದೆ. ಹೊಟ್ಟೆ ತುಂಬುತ್ತ ಬಂದಂತೆ ಅದಕ್ಕೆ ಏದುಸಿರು. ಆಗ ಹಿಂದಿನಿಂದ ಹೋಗಿ ಅದನ್ನು ದೂಡಬೇಕು. ಅದು ಹೋದ ಮೇಲೆ ಇನ್ನೊಂದು ಬರುತ್ತದೆ, ಅದನ್ನೂ ದೂಡಬೇಕು. ಮಾವನ ಯೌವನವೆಲ್ಲ ಹೀಗೆ ಬೇರೆ ಯಂತ್ರಗಳ ಹಿಂಭಾಗ ನೋಡುವುದರಲ್ಲೇ ಸವೆಯಿತು!

ಅಭ್ಯಾಸ ಮೈಗೆ ಹತ್ತಿಬಿಟ್ಟಿತು. ತ್ರ್ಯಂಬಕೇಶ್ವರದಲ್ಲಿ ದರ್ಶನದ ಸಾಲು ಎಷ್ಟೇ ಉದ್ದವಿರಲಿ, ಎದುರಿಗೊಂದು ಬೆನ್ನಿದ್ದರೆ ಅವರಿಗೆ ಬೇಸರವಿಲ್ಲ. ಘೋಟಿಯ ರಸ್ತೆಯಲ್ಲಿ ಯಾರದಾದರೂ ಕಾರು ಕೆಟ್ಟು ನಿಂತರೆ ನಮ್ಮ ಬಸ್ಸಿನಿಂದ ಮೊದಲು ಇಳಿಯುವವರು ಇವರೇ. ಒಮ್ಮೆ ಇವರು ದೂಡಿದ ಕಾರು ಚಾಲೂ ಆಗಿ ಹೊರಟುಹೋಯಿತು. ಬಸ್ಸೂ ಹೊರಟುಹೋಯಿತು.

ಕೊನೆಗೊಂದು ದಿನ ಕಂಪನಿ ಆ ಯಂತ್ರವನ್ನು ಮಾರಿತು. ಮಾವ ನಾಶಿಕದ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ವಾಚ್‌ಮನ್ ಆಗಿ ಸ್ಟೂಲಿನ ಮೇಲೆ ಕುಳಿತರು. ಎದುರಿಗೆ ಗೇಟು. ಗೇಟನ್ನು ಎಷ್ಟು ಹೊತ್ತು ನೋಡುತ್ತೀರಿ? ಹೀಗಿರುವಾಗ ತಮ್ಮ ಹಳೆಯ ಯಂತ್ರ ಸಂಭಾಜಿನಗರದ ಗುಜರಿ ಯಾರ್ಡಿನಲ್ಲಿದೆ, ಕತ್ತರಿಸಿ ತೂಕಕ್ಕೆ ಹಾಕುತ್ತಾರೆ ಎಂಬ ಸುದ್ದಿ ಬಂತು. ಗುಜರಿಯ ಬೆಲೆಗೆ ಅದನ್ನು ಕೊಳ್ಳಲು ಹೊರಟ ಮಾವ, ಕಾಗದಪತ್ರ ಓದಲು ನನ್ನನ್ನೂ ಕರೆದೊಯ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಸೈಟಿನ ತಗಡಿನ ಶೆಡ್ಡಿನಲ್ಲಿ ಓದಿ ಪಾಸಾದವನು. ನೀವು ಕೇಳದಿದ್ದರೂ ಇದನ್ನು ನಾನು ಹೇಳಿಯೇ ಹೇಳುತ್ತೇನೆ.

ಯಾರ್ಡಿನ ಮಾಲೀಕ ಪ್ರಾಮಾಣಿಕ. ಕಾಕಾ, ಇದರ ಬ್ಲೇಡು ಮೊಂಡು, ಮಣ್ಣು ಕತ್ತರಿಸುವುದಿಲ್ಲ, ಹಿಂದಿನಿಂದ ದೂಡುವುದೊಂದೇ ಇದಕ್ಕೆ ಬರುವುದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ.

ಮಾವ ನನ್ನ ಕಡೆ ತಿರುಗಿ, "ನನಗರ ಬ್ಯಾರೆ ಏನ ಬರತೈತೋ?" ಅಂದರು.

ಚೌಕಾಸಿ ಅಲ್ಲಿಗೇ ಮುಗಿಯಿತು.

ಅವರ ಯೋಜನೆ ಸರಳ. ಮೊಂಡು ಬ್ಲೇಡು ತೆಗೆಸಿ ಮಣ್ಣು ಕೊಯ್ಯುವ ಬ್ಲೇಡು ಹಾಕಿಸುವುದು, ದ್ರಾಕ್ಷಿ ಬೆಳೆಗಾರರ ಹೊಲ ಸಮ ಮಾಡಿಕೊಡುವುದು. ಕೆಲಸ ಹತ್ತಿದರೆ ಸ್ಟೂಲಿನಿಂದ ಬಿಡುಗಡೆ. ಹತ್ತದಿದ್ದರೆ ಯಂತ್ರ ಮತ್ತೆ ಗುಜರಿಗೆ, ಮಾವ ಮತ್ತೆ ಗೇಟಿಗೆ.

ನಾಶಿಕದ ವರ್ಕ್‌ಶಾಪಿನಲ್ಲಿ ಗಿಡ್ಡ ಬ್ಲೇಡು ಬಿಚ್ಚಿ, ಅಗಲವಾಗಿ ಬಾಗಿದ ಹೊಸದನ್ನು ಕೂರಿಸಿದರು, ಸೋರುತ್ತಿದ್ದ ಎಣ್ಣೆ ಪೈಪುಗಳನ್ನೂ ಬದಲಿಸಿದರು. ವೆಲ್ಡಿಂಗಿನ ಕಿಡಿ ಹಾರಿದಾಗೆಲ್ಲ ಮಾವ ತಮಗೇ ಹೊಲಿಗೆ ಹಾಕುತ್ತಿರುವಂತೆ ಮುಖ ಕಿವುಚುತ್ತಿದ್ದರು. ಊಟದ ಡಬ್ಬಿ ತಂದ ಅತ್ತೆ ಸ್ವಲ್ಪ ಹೊತ್ತು ನೋಡಿದರು. "ನನ್ನ ನೋಡಾಕ ಬಂದಾಗ ಈ ಮನಷ್ಯಾ ತಲಿ ಎತ್ತಿರಲಿಲ್ಲ. ಇದನ್ನ ನೋಡೂದ ನೋಡ್ರಿ, ರೆಪ್ಪಿ ಬಡ್ಯವಲ್ಲ!"

ಮೊದಲ ಕೆಲಸ ಪಿಂಪಳಗಾಂವ್ ಬಸವಂತ್ ಹತ್ತಿರ ಸಿಕ್ಕಿತು. ಹಳೆಯ ದ್ರಾಕ್ಷಿ ಬಳ್ಳಿ ಕಿತ್ತ ಏರುತಗ್ಗಿನ ಹೊಲ. ಇವತ್ತಿನ ಕೆಲಸ ನೋಡಿ ಅಣ್ಣತಮ್ಮಂದಿರ ಹೊಲಗಳನ್ನೂ ಕೊಡುತ್ತೇನೆ, ಇಲ್ಲದಿದ್ದರೆ ಬೇರೆ ಯಂತ್ರ ಕರೆಸುತ್ತೇನೆ ಎಂದು ಹೊಲದ ಮಾಲೀಕ ಮೊದಲೇ ಹೇಳಿದ್ದ. ಮಾವ ಹತ್ತಿ ಕುಳಿತರು. ಎಂಜಿನ್ ಗುಡುಗಿತು, ಹೊಗೆ ಎದ್ದಿತು. ಯಂತ್ರ ಮಾತ್ರ ಅಲುಗಲಿಲ್ಲ. ಗೇರು ಕೆಟ್ಟಿತೇ ಎಂದು ನಾನು ಮೇಲೆ ಹತ್ತಿ ನೋಡಿದರೆ, ಕೆಟ್ಟದ್ದೇನೂ ಇರಲಿಲ್ಲ. ಅವರ ಕೈ ಲಿವರಿನ ಮೇಲೆಯೇ ಇತ್ತು.

"ಹೋಗ್ರಿ ಮಾಮಾ."

"ಮುಂದ ಏನೂ ಇಲ್ಲಲೋ."

"ಹೊಲ ಐತೆಲ್ರಿ!"

"ಹೊಲ ಐತಿ. ಮುಂದ ಯಾರೂ ಇಲ್ಲ."

ಆಗ ನನಗೆ ಅರ್ಥವಾಯಿತು. ಮನುಷ್ಯ ಸ್ಕ್ರೇಪರಿಗಾಗಿ ಕಾಯುತ್ತಿದ್ದಾರೆ! ಯಾವುದಾದರೂ ಒಂದು ಬೆನ್ನು ಎದುರಿಗೆ ಬಂದು ನಿಲ್ಲದೆ ಅವರ ಕೈ ಮುಂದೆ ಹೋಗದು. ಬ್ಲೇಡು ಬದಲಿಸಿದ್ದೆವು, ಪೈಪು ಬದಲಿಸಿದ್ದೆವು. ಇವರೊಬ್ಬರು ಹಳಬರಾಗಿಯೇ ಉಳಿದಿದ್ದರು. ನಾನು ನಕ್ಕೆ. ಅವರು ನಗಲಿಲ್ಲ. ಹಣೆಯ ಬೆವರು ಒರೆಸಿಕೊಳ್ಳುತ್ತ ಬರಿ ಹೊಲವನ್ನೇ ದಿಟ್ಟಿಸುತ್ತಿದ್ದರು. ಅತ್ತ ಮಾಲೀಕ ಫೋನು ತೆಗೆದು ಯಾರದೋ ನಂಬರು ಹುಡುಕತೊಡಗಿದ್ದ.

ಬದುವಿನಲ್ಲಿ ಕುಳಿತಿದ್ದ ಅತ್ತೆ ಎದ್ದರು. ಸೆರಗು ಸಿಕ್ಕಿಸಿಕೊಂಡು ಹೋಗಿ, ಯಂತ್ರದ ಮುಂದೆ ನಾಲ್ಕು ಮಾರು ದೂರದಲ್ಲಿ, ಅದಕ್ಕೆ ಬೆನ್ನು ಮಾಡಿ ನಿಂತರು. ಆಚೆಯ ಬದುವಿನ ಕಡೆ ನಡೆಯತೊಡಗಿದರು.

ಬ್ಲೇಡು ಇಳಿಯಿತು. ಅತ್ತೆಯ ನಡಿಗೆಯ ವೇಗಕ್ಕೇ, ಅದೇ ಅಂತರದಲ್ಲಿ, ಅಷ್ಟು ದೊಡ್ಡ ಕಬ್ಬಿಣ ಹಿಂದೆ ಹೊರಟಿತು. ಮಣ್ಣು ಸುರುಳಿ ಸುರುಳಿಯಾಗಿ ಏಳುತ್ತ ಹೋಯಿತು. ಆ ತುದಿಯವರೆಗೂ ಅತ್ತೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಮಾಲೀಕ ಫೋನನ್ನು ಜೇಬಿಗಿಟ್ಟುಕೊಂಡ.

ಅತ್ತೆ ಬದುವಿಗೆ ಮರಳಿ ಬಂದಾಗ, ಬೆನ್ನ ಹಿಂದೆ ಅಂಥದ್ದು ಬರುತ್ತಿರುವಾಗ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಅವರು ಯಾರಿಗೂ ಢಿಕ್ಕಿ ಹೊಡದವರಲ್ಲಪಾ," ಅಂದರು ಅತ್ತೆ, ಕಾಲಿನ ಮಣ್ಣು ಕೊಡವುತ್ತ. "ದೂಡೂದಿದ್ರೂ ಮದಲ ಮೆತ್ತಗ ಬಂದು ಮುಟ್ಟತಾರ."

ಅಷ್ಟರಲ್ಲಿ ಮಾವ ಎರಡನೆಯ ಸಾಲು ಹಿಡಿದಿದ್ದರು. ಎದುರಿಗೆ ಯಾರೂ ಇರಲಿಲ್ಲ.