ಬಿಳಿ ಅಂಗಿಯೂ ಅತ್ತೆಯ ಸಾಲ್ತೆನ್ಯಾವೂ

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ರೈಲು ಸೇತುವೆಯ ಕೆಳಗಿನ ಬೀದಿಯಲ್ಲಿ ನಾನು ಉಣ್ಣದ ಹೋಟೆಲಿಲ್ಲ! ಪೆರುವಿನವರ ನಿಂಬೆಹುಳಿ ಮೀನು, ಕೊಲಂಬಿಯಾದವರ ಜೋಳದ ರೊಟ್ಟಿ, ಬ್ರೆಜಿಲ್‌ನವರ ಕಪ್ಪು ಕಾಳಿನ ಸಾರು, ನಮ್ಮ ಅರ್ಜೆಂಟೀನಾದವರ ಸುಟ್ಟ ಮಾಂಸ... ಇಡೀ ಖಂಡವೇ ನನ್ನ ಹೊಟ್ಟೆಯಲ್ಲಿದೆ. ಇಂಥವನಿಗೆ ಬೊಲಿವಿಯಾದ ಅತ್ತೆ ಪೆತ್ರೋನಾರನ್ನು ಗೆಲ್ಲುವುದು ಯಾವ ಮಹಾ ಕೆಲಸ?

ಮದುವೆಯಾಗಿ ನಾಲ್ಕು ವರ್ಷವಾದರೂ ಅತ್ತೆ ಒಮ್ಮೆಯೂ ನನ್ನನ್ನು "ಮಗಾ" ಎಂದು ಕರೆದಿರಲಿಲ್ಲ. "ಸೈದಾ, ಆ ಅರ್ಜೆಂಟೀನಾದವರಿಗೆ ಇನ್ನೂ ಕಾಫಿ ಬೇಕಂತಾ?" ಎಂದು ಮಗಳನ್ನು ಕೇಳುತ್ತಿದ್ದರು, ಅದೂ ನಾನು ಎದುರಿಗೇ ಕೂತಿದ್ದಾಗ! ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಈ ಭಾನುವಾರ "ಮಗಾ" ಅನ್ನಿಸಿಯೇ ತೀರುತ್ತೇನೆಂದು ಶಪಥಗೈದು, ಬಿಳಿ ಅಂಗಿ ತೊಟ್ಟು, ಬೆಳಿಗ್ಗೆ ಹತ್ತಕ್ಕೇ ಎಲ್ಲರನ್ನೂ ಬೊಲಿವಿಯಾದವರ ಹೋಟೆಲಿಗೆ ಹೊರಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸಾಲ್ತೆನ್ಯಾ ಖಾಲಿ.

ಸಾಲ್ತೆನ್ಯಾ ನೋಡಲು ದಪ್ಪ ಕರ್ಜಿಕಾಯಿ. ಒಳಗೆ ಮಾಂಸ, ಜೊತೆಗೆ ಬಿಸಿಬಿಸಿ ಸಾರು. ಕೈಯಲ್ಲೇ ಹಿಡಿದು, ಒಂದು ಹನಿಯೂ ಚೆಲ್ಲದೆ ತಿನ್ನಬೇಕು. ಚೆಲ್ಲಿದವರ ಮಾನ ಅಲ್ಲೇ ಹರಾಜು.

"ಅವರಿಗೊಂದು ಚಮಚ ಕೊಡಿಸೇ, ಪಾಪ," ಎಂದರು ಅತ್ತೆ.

"ರೀ, ಮೊದಲು ತುದಿ ಕಚ್ಚಿ ಸಾರು ಹೀರ್ಕೊಳ್ಳಿ," ಎಂದಳು ಸೈದಾ.

"ಹಲ್ಲು ಬಂದಾಗಿಂದ ನಮ್ಮೂರ ಮಾಂಸದ ಕರ್ಜಿಕಾಯಿ ಎಂಪನಾದಾ ತಿಂದವನು ಕಣೇ ನಾನು! ನನಗೇ ಪಾಠವಾ?"

ನಟ್ಟನಡುವಿಗೇ ಬಾಯಿ ಹಾಕಿದೆ. ಸಾರು ಕಟ್ಟೆಯೊಡೆದು ನುಗ್ಗಿತು! ಗದ್ದ, ಅಂಗಿ, ಮುಂಗೈ ಎಲ್ಲ ಜಲಾವೃತ. ತೋಳಿನೊಳಗೆ ಇಳಿಯದಿರಲೆಂದು ಕೈ ಝಾಡಿಸಿದೆ. ಉಳಿದದ್ದು ಪಕ್ಕದ ಕುರ್ಚಿಯಲ್ಲಿದ್ದ ಅತ್ತೆಯ ಬಿಳಿ ಟೋಪಿಗೆ ಅಭಿಷೇಕವಾಯಿತು. ಗಾಬರಿಯಲ್ಲಿ ಸಿಕ್ಕ ಬಟ್ಟೆಯಿಂದ ಟೋಪಿ ಉಜ್ಜತೊಡಗಿದೆ.

"ಅಯ್ಯೋ, ಅದು ಅಮ್ಮನ ಶಾಲು ಕಣ್ರೀ!"

ಇಡೀ ಹೋಟೆಲು ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡಿತು. ನಮ್ಮ ಎರಡು ವರ್ಷದ ತೆಯೋ, ಹನಿಯೂ ಚೆಲ್ಲದೆ ತನ್ನ ಪಾಲು ಮುಗಿಸಿದ್ದವನು, ಚಪ್ಪಾಳೆ ತಟ್ಟಿದ. ನನ್ನ ನಾಲ್ಕು ವರ್ಷದ ಆಸೆ ಸಾರುಪಾಲಾಯಿತು!

ಅತ್ತೆ ಎದ್ದರು. ಟೋಪಿ ನೋಡಿದರು, ಶಾಲು ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ತೆಯೋನ ಕೊರಳಿನ ಜೊಲ್ಲುಬಟ್ಟೆ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದರು. ಇನ್ನೊಂದು ಸಾಲ್ತೆನ್ಯಾದ ತುದಿ ಮುರಿದು, ಉಫ್ ಉಫ್ ಎಂದು ಊದಿ, ನನ್ನ ತುಟಿಗೆ ಹಿಡಿದರು.

"ಎಲ್ಲಿ, ಆ ಮಾಡು, ಮಗಾ!"