ಅಕ್ಕಸಾಲಿಗನ ತಕ್ಕಡಿಯಲ್ಲಿ ಬೀನ್ಸು

ಬೇರೆಯವರನ್ನು ಶಿಸ್ತಿನಲ್ಲಿಡುವುದು ನನಗೆ ಹುಟ್ಟಿನಿಂದ ಬಂದ ಕಲೆ. ನನ್ನನ್ನು ನಾನು ಶಿಸ್ತಿನಲ್ಲಿಟ್ಟುಕೊಳ್ಳುವ ಮಾತು ಮಾತ್ರ ಎತ್ತಬೇಡಿ. ಹೊಸೂರಿನಲ್ಲಿ ಲೆಕ್ಕದ ಮೇಷ್ಟ್ರಾಗಿ ಕೂದಲು ನರೆಸಿಕೊಂಡವನು ನಾನು. ಕೊನೆಯ ಬೆಂಚಿನಲ್ಲಿ ಯಾರು ಕಡಲೆಕಾಯಿ ಸುಲಿಯುತ್ತಿದ್ದಾರೆಂದು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳಬಲ್ಲೆ. ಅಂಥ ನನ್ನ ಕಣ್ಣಿಗೆ ಮಣ್ಣೆರಚಿ, ನನ್ನ ಮನೆಯಲ್ಲೇ, ನನ್ನ ಮಗಳಿಗೇ ಯಾರೋ ದಿನಾ ಸಿಹಿ ತಿನ್ನಿಸುತ್ತಿದ್ದಾರೆ ಎಂದು ಗೊತ್ತಾದಾಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಕಳ್ಳನನ್ನು ಹಿಡಿದ ಕಥೆ ಇದು. ಹೇಳಲು ಸ್ವಲ್ಪ ನಾಚಿಕೆಯೇ. ಆದರೆ ಹತ್ತು ವರ್ಷ ಬಳಸಿದರೆ ನಾಚಿಕೆಯೂ ಸವೆಯುತ್ತದೆ.

ನನ್ನ ಮಗಳು ಪದ್ಮಳಿಗೆ ಆಗ ಏಳು ವರ್ಷ. ಅವಳಿಗೆ ಫಿಟ್ಸ್ ಬರುತ್ತಿತ್ತು. ವಾರಕ್ಕೆ ನಾಲ್ಕು ಸಲವಾದರೂ, ಮಾತಾಡುತ್ತಿದ್ದವಳು ಮಾತು ನಿಲ್ಲಿಸಿ, ಕಣ್ಣು ಮೇಲೆ ಮಾಡಿ ಬಿದ್ದುಬಿಡುತ್ತಿದ್ದಳು. ಮಾತ್ರೆ ಒಂದಾಯಿತು, ಎರಡಾಯಿತು, ಮೂರೂ ಆಯಿತು, ರೋಗ ಬಗ್ಗಲಿಲ್ಲ. ಬಂದ ನೆಂಟರೆಲ್ಲ ಬಿದ್ದಾಗ ಕೈಗೆ ಕಬ್ಬಿಣದ ಬೀಗದ ಕೈ ಕೊಡಿ ಎಂದು ಒಂದೊಂದು ತಂದುಕೊಟ್ಟಿದ್ದರಿಂದ, ನಮ್ಮ ಮನೆಯಲ್ಲಿ ಬೀಗಕ್ಕಿಂತ ಬೀಗದ ಕೈಗಳೇ ಹೆಚ್ಚಾದವು. ಅವಳ ಶಾಲೆಯ ಹೆಡ್ ಮಿಸ್ಸು ಒಳ್ಳೆಯವರೇ. ಆದರೂ, "ಮಿಕ್ಕ ಮಕ್ಳು ಹೆದರ್ಕೊಂತಾವೆ ಸಾರ್, ನಿಂತ ಮೇಲೆ ಕರ್ಕೊಂಡ್ ಬನ್ನಿ" ಎಂದರು. ಅಂದಿನಿಂದ ಪದ್ಮ ಬೆಳಿಗ್ಗೆ ಎದ್ದು, ಜಡೆ ಹಾಕಿಸಿಕೊಂಡು, ಯೂನಿಫಾರಂ ತೊಟ್ಟು ಕಿಟಕಿಯ ಹತ್ತಿರ ಕೂರುತ್ತಿದ್ದಳು. ಯಾಕಮ್ಮಾ ಎಂದರೆ, "ಇವತ್ತು ನಿಂತೋದ್ರೆ ರೆಡಿಯಾಗಿರ್ಬೇಕಲ್ಲಪ್ಪಾ" ಎನ್ನುವಳು.

ಕೊನೆಗೆ ಬೆಂಗಳೂರಿನ ಒಬ್ಬ ಮಕ್ಕಳ ಡಾಕ್ಟರು ಹೊಸದೊಂದು ದಾರಿ ಹೇಳಿದರು. ಹೊಸದೇನಲ್ಲವಂತೆ, ಹಳೆಯದೇ; ಒಳ್ಳೆಯ ಮಾತ್ರೆಗಳು ಬಂದ ಮೇಲೆ ಜನ ಮರೆತಿದ್ದರಂತೆ. "ನಮ್ಮ ದೇಹದ ಒಲೆಗೆ ಸಕ್ಕರೆಯೇ ಸೌದೆ ಮೇಷ್ಟ್ರೇ. ಅನ್ನ, ಮುದ್ದೆ, ಹಣ್ಣು ಎಲ್ಲಾ ಕೊನೆಗೆ ಸಕ್ಕರೆಯೇ ಆಗೋದು. ಅದನ್ನ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟು ಬರೀ ಜಿಡ್ಡು ಕೊಟ್ಟರೆ, ದೇಹ ಬೇರೆ ದಾರಿ ಕಾಣದೆ ಜಿಡ್ಡನ್ನೇ ಉರಿಸುತ್ತೆ. ಆಗ ಕೀಟೋನ್ ಅಂತ ಒಂದು ವಸ್ತು ಹುಟ್ಟುತ್ತೆ. ಮಿದುಳು ಅದರಲ್ಲೇ ಬದುಕೋದು ಕಲಿತುಕೊಂಡರೆ ಕೆಲವು ಮಕ್ಕಳಲ್ಲಿ ಫಿಟ್ಸ್ ಇಳಿಯುತ್ತೆ. ಯಾಕೆ ಇಳಿಯುತ್ತೆ ಅಂತ ಕೇಳಬೇಡಿ, ನಮಗೂ ಪೂರ್ತಿ ಗೊತ್ತಿಲ್ಲ" ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲ ಡಾಕ್ಟರು ಅವರು. ನನಗೆ ತಕ್ಷಣ ನಂಬಿಕೆ ಬಂತು.

ಹೆದರಿಸುವುದನ್ನೂ ಅವರು ಬಿಡಲಿಲ್ಲ. ಮಲಬದ್ಧತೆ ಆಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗಬಹುದು, ಬೆಳವಣಿಗೆ ಕುಗ್ಗಬಹುದು, ಮೂಳೆ ಸೊರಗಬಹುದು. ನೀರು ಚೆನ್ನಾಗಿ ಕುಡಿಸಿ, ವಿಟಮಿನ್ ಮಾತ್ರೆ ತಪ್ಪಿಸಬೇಡಿ, ಫಿಟ್ಸಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವಾಂತಿ ಶುರುವಾದರೆ ಆ ಕ್ಷಣವೇ ಬಸ್ಸು ಹತ್ತಿ ಎಂದರು. ಆಸ್ಪತ್ರೆಯಲ್ಲಿಟ್ಟುಕೊಂಡೇ ಶುರು ಮಾಡಿದರು. ಮೊದಲೆರಡು ದಿನ ಮಗು ತೊಟ್ಟಿಲ ಕೂಸಿನ ಹಾಗೆ ಸುಸ್ತಾಗಿ ಮಲಗಿತ್ತು. ಮೂರನೆಯ ದಿನ ಅವಳ ಬಾಯಿಂದ ಮಾಗಿದ ಹಣ್ಣಿನ ವಾಸನೆ! ನಾನು ನೇರವಾಗಿ ಹೋಗಿ, ನಿಮ್ಮ ನರ್ಸು ಮಗುವಿಗೆ ಹಣ್ಣು ತಿನ್ನಿಸಿದ್ದಾರೆ ಎಂದು ದೂರು ಕೊಟ್ಟೆ. ಡಾಕ್ಟರು ನಕ್ಕು, "ಅದು ಕೀಟೋನಿನ ವಾಸನೆ. ಅದು ಬರಲಿ ಅಂತಲೇ ಇಷ್ಟೆಲ್ಲ ಮಾಡಿದ್ದು" ಎಂದರು. ನರ್ಸಮ್ಮ ನನ್ನನ್ನು ನೋಡಿದ ನೋಟದಲ್ಲಿ ಸಕ್ಕರೆಯ ಅಂಶ ಒಂದಿಷ್ಟೂ ಇರಲಿಲ್ಲ.

ಅದೇನೇ ಇರಲಿ, ಹತ್ತು ದಿನ ಒಂದೇ ಒಂದು ಫಿಟ್ಸ್ ಬರಲಿಲ್ಲ. ಮನೆಗೆ ಕಳಿಸುವಾಗ ಒಂದು ಬಗೆಯ ಬಿಳಿ ಬಿಲ್ಲೆ ಕೊಟ್ಟರು. ಅದರ ಮೇಲೆ ಮಗುವಿನ ಮೂತ್ರದ ಹನಿ ಬಿಟ್ಟರೆ ನೇರಳೆ ಬಣ್ಣ ಬರಬೇಕು. ಬಂದರೆ ಪಥ್ಯ ಸರಿಯಾಗಿದೆ ಎಂದರ್ಥ.

ಮನೆಯಲ್ಲಿ ನನ್ನ ಆಡಳಿತ ಶುರುವಾಯಿತು. ಊಟದಲ್ಲಿ ಜಿಡ್ಡು ನಾಲ್ಕು ಪಾಲಾದರೆ ಮಿಕ್ಕ ಸತ್ವವೆಲ್ಲ ಸೇರಿ ಒಂದು ಪಾಲು. ಅಡುಗೆಮನೆಯ ಅಂದಾಜು ಇಲ್ಲಿ ನಡೆಯದು. ಪರಿಚಯದ ಅಕ್ಕಸಾಲಿಗ ಆಚಾರ್ರ ಹತ್ತಿರ ಒಂದು ಹಳೆಯ ತಕ್ಕಡಿ ಎರವಲು ತಂದೆ. ಅದುವರೆಗೆ ಮೂಗುಬೊಟ್ಟು, ಓಲೆಗಳನ್ನು ತೂಗಿದ್ದ ತಕ್ಕಡಿ ನಮ್ಮ ಮನೆಯಲ್ಲಿ ಬೀನ್ಸು ತೂಗತೊಡಗಿತು. ಬೆಣ್ಣೆ, ಹಾಲಿನ ಕೆನೆ, ಕೊಬ್ಬರಿ ಎಣ್ಣೆ, ಒಂದು ಮೊಟ್ಟೆ, ನಾಲ್ಕು ಬೀನ್ಸು. ನನ್ನ ತಾಯಿ ಮೂಗಿನ ಮೇಲೆ ಬೆರಳಿಟ್ಟರು. "ಮುದ್ದೆ ಇಲ್ದೆ ಅದೂ ಒಂದ್ ಊಟ ಏನ್ಲಾ? ಆ ಬೆಣ್ಣೇನ ನಿನ್ ತಲೆಗೆ ಹಚ್ಚು, ತಣ್ಣಗಾದ್ರೂ ಆಯ್ತದೆ!" ಮಗುವಿಗೆ ಜೊತೆಯಾಗಲಿ ಎಂದು ನಾನೂ ಎರಡು ದಿನ ಅದೇ ಊಟ ಮಾಡಿದೆ. ಮೂರನೆಯ ದಿನ ನಾನು ಅನುಭವಿಸಿದ್ದನ್ನು ಮರ್ಯಾದಸ್ಥರು ಓದುವ ಪುಸ್ತಕದಲ್ಲಿ ಬರೆಯಲಾಗದು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ತಮ್ಮ ಹೊಟ್ಟೆ ಸವರಿಕೊಳ್ಳುತ್ತಾ ಪಥ್ಯದ ಪಟ್ಟಿ ಕೇಳಿದಾಗ, "ಇದು ಔಷಧಿ ಸಾರ್, ಡಾಕ್ಟರು ಹೇಳದೆ ಮುಟ್ಟಬಾರದು" ಎಂದು ಸ್ವಾನುಭವದ ಗಾಂಭೀರ್ಯದಿಂದ ಹೇಳಿದೆ.

ಅವಳ ಬಾಯಿಗೆ ಹೋದದ್ದೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ನೀರು ಎಷ್ಟು ಲೋಟ, ಕೆನೆ ಎಷ್ಟು ಚಮಚ, ಎಲ್ಲಾ. ಆದರೆ ಮನೆಗೆ ಬಂದ ವಾರದೊಳಗೆ ಬಿಲ್ಲೆಯ ನೇರಳೆ ಮಾಸಿತು. ಆಮೇಲೆ ಬಿಲ್ಲೆ ಬಿಳಿಯಾಗಿಯೇ ಉಳಿಯಿತು. ಒಂದು ಮಧ್ಯಾಹ್ನ ಪದ್ಮ ಮತ್ತೆ ಬಿದ್ದಳು. ಬೆಂಗಳೂರಿಗೆ ಹೋದಾಗ ಡಾಕ್ಟರು ನೋಟ್‌ಬುಕ್ ತಿರುವಿ, "ಬರೆದಿರೋದು ಸರಿಯಾಗೇ ಇದೆ. ಬರೆಯದೆ ಇರೋದು ಏನೋ ಇದೆ. ಮೂರು ವಾರ ನೋಡೋಣ. ಬಣ್ಣ ಬರದಿದ್ದರೆ ನಿಲ್ಲಿಸಿಬಿಡ್ತೀನಿ. ಲಾಭ ಇಲ್ಲದೆ ಮಗುವನ್ನ ಅಪಾಯಕ್ಕೆ ಒಡ್ಡಬಾರದು" ಎಂದರು. ವಾಪಸು ಬರುವ ಬಸ್ಸಿನಲ್ಲಿ ಪದ್ಮ, "ಬಣ್ಣ ಬರ್ದಿದ್ರೆ ಸ್ಕೂಲಿಗೆ ಹೋಗೋ ಹಂಗಿಲ್ವಾಪ್ಪಾ?" ಎಂದಳು.

ಹಾಗಾದರೆ ಕಳ್ಳ ಯಾರು? ಮೊದಲ ಅನುಮಾನ ನನ್ನ ತಾಯಿಯ ಮೇಲೆ. ಅವರ ಸೆರಗಿನ ಗಂಟನ್ನು ಕಂಡರೇ ನನಗೆ ಬೆಲ್ಲ ಕಾಣುತ್ತಿತ್ತು. ಬಿಚ್ಚಿ ತೋರಿಸಿ ಎಂದೆ. "ನಿನ್ ಹೆತ್ತೋಳ್ ಸೆರಗು ತಪಾಸಣೆ ಮಾಡ್ತೀಯೇನ್ಲಾ? ನೋಡ್ಕೊ!" ಎಂದು ಬಿಚ್ಚಿದರು. ಒಂದು ಅಡಿಕೆ ಹೋಳು ಬಿತ್ತು. ಎರಡನೆಯ ಅನುಮಾನ ಪಕ್ಕದ ಮನೆಯ ವೆಂಕಟಮ್ಮನ ಮೇಲೆ. ಆಕೆ ತೆಲುಗಿನವರು, ಬೀದಿಯ ಮಕ್ಕಳಿಗೆಲ್ಲ ಏನಾದರೂ ತಿನ್ನಲು ಕೊಡದೆ ಕಳಿಸುವವರಲ್ಲ. ಕೇಳಿದ್ದಕ್ಕೆ ಆಕೆಯ ಕಣ್ಣು ತುಂಬಿ ಬಂತು. "ಅಯ್ಯೋ ದೇವುಡಾ! ಆ ಮಗು ನೋಡ್ತೈತೆ ಅಂತ ನಮ್ಮನೇಲಿ ಬಾಗ್ಲಾಕ್ಕೊಂಡು ತಿಂತೀವಿ ಮೇಷ್ಟ್ರೇ, ನನ್ನನ್ನಾ ಕೇಳ್ತೀರಾ?" ಎಂದರು. ಮಗುವಿನ ಯೂನಿಫಾರಂ ಜೇಬು, ದಿಂಬಿನ ಅಡಿ, ಬೊಂಬೆಯ ಹೊಟ್ಟೆ ಎಲ್ಲವನ್ನೂ ಶೋಧಿಸಿದೆ. ಎರಡು ವಾರ ಹೀಗೇ ಕಳೆಯಿತು. ಮನೆಯಲ್ಲಿ ಯಾರೂ ನನ್ನೊಂದಿಗೆ ಮಾತಾಡುತ್ತಿರಲಿಲ್ಲ, ಬಿಲ್ಲೆ ಮಾತ್ರ ಬಿಳಿಯಾಗಿ ನಗುತ್ತಿತ್ತು.

ನನ್ನ ಹೆಂಡತಿ ಸರಸ ಹೆಚ್ಚು ಮಾತಿನವಳಲ್ಲ. ಒಂದು ದಿನ ಬೆಳಿಗ್ಗೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಜಡೆ ಹಾಕುತ್ತಾ, "ಪದ್ದಿ, ಇವತ್ತು ಎದ್ದಾಗಿಂದ ಬಾಯಿಗೆ ಏನೇನ್ ಹಾಕ್ಕೊಂಡೆ, ಒಂದೊಂದಾಗಿ ಹೇಳು ಕಂದಾ" ಎಂದಳು. ನಾನು ಪೆನ್ನು ಹಿಡಿದು ಪಕ್ಕದಲ್ಲೇ ಕೂತಿದ್ದೆ.

"ನೀರು. ಆಮ್ಯಾಕೆ ತೀರ್ಥ. ಆಮ್ಯಾಕೆ ಅಪ್ಪ ಕೊಟ್ಟಿದ್ದು. ಆಮ್ಯಾಕೆ ಮಾತ್ರೆ..."

"ಅಪ್ಪ ಏನ್ ಕೊಟ್ರು?"

"ದಿನಾ ಕೊಡ್ತಾರಲ್ಲಮ್ಮ. ಅರ್ಧ ಬಾಳೆಹಣ್ಣು, ಬೆಲ್ಲ."

ದಿನಾ ಪೂಜೆ ಮಾಡುವವನು ನಾನು. ಮಂಗಳಾರತಿ ಆದ ಮೇಲೆ ಮಗು ಬಲಗೈ ಚಾಚುತ್ತದೆ, ನಾನು ನೈವೇದ್ಯದ್ದನ್ನು ಇಡುತ್ತೇನೆ, ಅವಳು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುತ್ತಾಳೆ. ಅವಳು ಬೇಗ ಗುಣವಾಗಲೆಂದು ಈಚೆಗೆ ಒಂದು ಚೂರು ಹೆಚ್ಚೇ ಇಡುತ್ತಿದ್ದೆ.

"ಅದು ಪ್ರಸಾದ ಕಣೆ!" ಎಂದೆ. "ತಿಂಡಿ ಅಲ್ಲವಲ್ಲ!"

"ಹೌದಲ್ವಾ? ಪ್ರಸಾದ ಎಂಗ್ ಊಟ ಆದೀತು?" ಎಂದು ತಾಯಿಯೂ ನನ್ನ ಕಡೆ ಸೇರಿದರು. ಎರಡು ವಾರದಲ್ಲಿ ಅವರು ನನ್ನ ಪರ ಆಡಿದ ಮೊದಲ ಮಾತು.

ಸರಸ ಜಡೆಗೆ ರಿಬ್ಬನ್ನು ಬಿಗಿದಳು. "ದೇವ್ರಿಗೆ ಗೊತ್ತು ಅದು ಪ್ರಸಾದ ಅಂತ. ಈ ಬಿಲ್ಲೆಗೆ ಗೊತ್ತಾಗಬೇಕಲ್ಲ?"

ಕೈಯಲ್ಲಿದ್ದ ಪೆನ್ನಿನಿಂದ ನೋಟ್‌ಬುಕ್ಕಿನಲ್ಲಿ ಅರ್ಧ ಬಾಳೆಹಣ್ಣು, ಬೆಲ್ಲ ಎಂದು ಬರೆದೆ. ಮೊದಲು ವೆಂಕಟಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆ ಮಜ್ಜಿಗೆ ಕೊಟ್ಟು ಕ್ಷಮಿಸಿದರು. ವಾಪಸು ಬಂದು ಹೆತ್ತವಳ ಮುಂದೆ ನಿಂತರೆ, ಅವರು ಆಗಲೇ ದಾರಿ ಹುಡುಕಿ ಕೂತಿದ್ದರು. "ಅಷ್ಟಕ್ಕೇ ಯಾಕ್ಲಾ ಮಂಕಾಯ್ತೀಯ? ಕೃಷ್ಣನ್ ಪಟ ಐತಲ್ಲ, ಅವನ್ನ ಮುಂದಕ್ಕಿಡು. ಬೆಣ್ಣೆ ಎಡೆ ಇಟ್ರೆ ಬ್ಯಾಡ ಅನ್ನೋ ಮಗ ಅಲ್ಲ ಅವ್ನು!" ಮರುದಿನದಿಂದ ಕೃಷ್ಣ ಮುಂದೆ ಬಂದ, ಮಿಕ್ಕ ದೇವರು ಹಿಂದಕ್ಕೆ ಸರಿದು ಜಾಗ ಕೊಟ್ಟರು. ಬೆಣ್ಣೆಯನ್ನು ತೂಗಿ, ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ನೈವೇದ್ಯ. ಆ ವರ್ಷ ನಮ್ಮ ಗಣಪತಿಗೂ ಬೆಲ್ಲವಿಲ್ಲ, ಬರೀ ಕಾಯಿ ತುರಿ. ಆತನ ಹೊಟ್ಟೆಗೆ ಅದರಿಂದ ಯಾವ ತೊಂದರೆಯೂ ಆದಂತೆ ಕಾಣಲಿಲ್ಲ.

ನಾಲ್ಕನೆಯ ದಿನ ಬಿಲ್ಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ನನ್ನ ತಾಯಿ ಬಚ್ಚಲಿನ ಬಾಗಿಲಲ್ಲೇ ಅದಕ್ಕೆ ಕೈಮುಗಿದರು. ಫಿಟ್ಸ್ ಒಂದೇ ದಿನದಲ್ಲಿ ಹೋಗಲಿಲ್ಲ. ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ಒಂದು ತಿಂಗಳು ಬರಲೇ ಇಲ್ಲ. ಅದೇ ಆಸ್ಪತ್ರೆಯಲ್ಲಿ ಈ ಪಥ್ಯ ಹಿಡಿದೂ ಗುಣ ಕಾಣದೆ ಬಿಟ್ಟ ಮಗುವೊಂದನ್ನು ಕಂಡಿದ್ದೇನೆ. ಆದ್ದರಿಂದ ಜಂಬ ಕೊಚ್ಚುವುದಿಲ್ಲ. ಪದ್ಮ ಮಾತ್ರ ಯೂನಿಫಾರಂ ತೊಟ್ಟು, ಈ ಸಲ ಕಿಟಕಿ ಬಿಟ್ಟು ಬಾಗಿಲು ದಾಟಿ ಶಾಲೆಗೆ ಹೋದಳು. ಎರಡು ವರ್ಷದ ಮೇಲೆ ಡಾಕ್ಟರು ಸ್ವಲ್ಪಸ್ವಲ್ಪವಾಗಿ ಪಥ್ಯ ಸಡಿಲಿಸಿದರು. ಅವಳು ಮೊದಲು ಕೇಳಿದ್ದು ಲಾಡಲ್ಲ, ಅಜ್ಜಿಯ ಕೈಯ ಮುದ್ದೆ.

ಈಗ ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ನನಗೆ ಹೋದ ವರ್ಷ ಸಕ್ಕರೆ ಕಾಯಿಲೆ ಎಂದರು. ಮನೆಗೆ ಬಂದು ಹೇಳಿದ ಸಂಜೆಯೇ ಪದ್ಮ ಆಚಾರ್ರ ಹತ್ತಿರ ಹೋಗಿ ಆ ಹಳೆಯ ತಕ್ಕಡಿ ತಂದಳು, ಒಂದು ಹೊಸ ನೋಟ್‌ಬುಕ್ಕನ್ನೂ ಕೊಂಡಳು. ಅಂದಿನಿಂದ ಪೂಜೆ ಮುಗಿಸಿ, ಕಣ್ಣು ಮುಚ್ಚಿ, ಬಾಳೆಹಣ್ಣಿನ ಕಡೆ ಭಕ್ತಿಯಿಂದ ಕೈ ಚಾಚಿದರೆ ಸಾಕು, ಬೆನ್ನ ಹಿಂದೆ ಪೆನ್ನಿನ ಮುಚ್ಚಳ ತೆಗೆಯುವ ಸದ್ದು ಕೇಳುತ್ತದೆ.