ಮಾವ ಇದ್ದಲ್ಲಿ ಬಿಲ್ಲು ಕೊಡುವ ಬಗೆ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಹೋಟೆಲಿಗಾದರೂ ಹೋಗಿ ಕೇಳಿ. ನಮ್ಮ ಸೋದರಮಾವ ಕುಡಿದ ಚಹಾಕ್ಕೆ ಇನ್ನೊಬ್ಬರು ದುಡ್ಡು ಕೊಟ್ಟ ಉದಾಹರಣೆ ಒಂದೂ ಸಿಗುವುದಿಲ್ಲ. ಕೊಡಲು ಹೋಗಿ ಪೆಟ್ಟು ಮಾಡಿಕೊಂಡವರ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ.

ಬಿಲ್ಲಿನ ಜಗಳ ನಮ್ಮ ಕಡೆ ಹೊಸದೇನಲ್ಲ. ನಾಲ್ಕು ಜನ ಕೂತು ಮಿರ್ಚಿ ಮಂಡಕ್ಕಿ ತಿಂದರೆ ಏಳುವಾಗ ‘ನಾನು ಕೊಡ್ತೀನಿ, ನೀವು ಸುಮ್ನಿರ್ರಿ’ ಎಂದು ಎಳೆದಾಡುವುದು ಕೈ ತೊಳೆಯುವಷ್ಟೇ ಸಹಜ. ಆದರೆ ಉಳಿದವರು ಎಳೆದಾಡುವುದು ಮರ್ಯಾದೆಗೆ. ಒಳಗೊಳಗೇ ಸೋತರೆ ಸಾಕು ಅಂತ ಇರುತ್ತದೆ. ಮಾವ ಮಾತ್ರ ಗೆಲ್ಲಲೇಬೇಕೆಂದು ಇಳಿಯುವವನು. ಊಟದ ನಡುವೆ ‘ಮೂತ್ರಕ್ಕ ಹೋಗಿ ಬರ್ತೀನಿ’ ಎಂದು ಎದ್ದನೆಂದರೆ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಬಂದ ಎಂದೇ ಅರ್ಥ. ಕಾನಹೊಸಹಳ್ಳಿಯ ಹೈವೇ ಹೋಟೆಲಿನಲ್ಲಿ ಒಮ್ಮೆ ಗೆಳೆಯನೊಬ್ಬ ಇವನಿಗಿಂತ ಮೊದಲೇ ಜೇಬಿಗೆ ಕೈ ಹಾಕಿದ. ಮಾವ ಆ ಕೈಯನ್ನು ಜೇಬಿನ ಸಮೇತ ಹಿಡಿದೆಳೆದ. ಜೇಬು ಕಿತ್ತು ಬಂತು. ಮಾವ ಊಟದ ಬಿಲ್ಲು ಕೊಟ್ಟು, ಪಕ್ಕದ ಟೇಲರನ ಬಳಿ ಕರೆದೊಯ್ದು ಜೇಬು ಹೊಲಿಸಿ, ಅದರ ಬಿಲ್ಲನ್ನೂ ಕೊಟ್ಟ. ಆ ಗೆಳೆಯ ಅಂದಿನಿಂದ ಜೇಬಿಲ್ಲದ ಅಂಗಿಯಲ್ಲೇ ಮಾವನನ್ನು ಭೇಟಿಯಾಗುತ್ತಾನೆ.

ಬಸ್ಸಿನಲ್ಲೂ ಇದೇ ಪಾಡು. ಮಾವ ಹತ್ತಿದರೆ ಕಂಡಕ್ಟರು ಕೇಳುವುದು ‘ಯಾರ್ಯಾರಿಗೆ ಟಿಕೆಟ್ ತಗೀಲಿ’ ಎಂದಲ್ಲ, ‘ಯಾರಿಗೆ ಬಿಡ್ಲಿ’ ಎಂದು.

ಇಂಥವನ ಸೋದರಳಿಯನಾಗಿ ನಾನು ಬೆಳೆದೆ. ಶಾಲೆಯ ಫೀಸು, ಕಾಲೇಜಿನ ಬಸ್ ಪಾಸು, ಮದುವೆಯ ಸೂಟು ಎಲ್ಲವೂ ಮಾವನದೇ. ನೌಕರಿ ಸಿಕ್ಕಿ ಹರಪನಹಳ್ಳಿಯಲ್ಲಿ ಮೇಷ್ಟರಾದ ಮೇಲೆ ನನಗೊಂದೇ ಆಸೆ: ಮಾವನಿಗೆ ಒಮ್ಮೆ, ಒಂದೇ ಒಂದು ಸಲ, ನನ್ನ ದುಡ್ಡಿನಲ್ಲಿ ಚಹಾ ಕುಡಿಸಬೇಕು. ಆಗಲೇ ಇಲ್ಲ. ನನ್ನ ಕೈ ಜೇಬು ಮುಟ್ಟುವುದರೊಳಗೆ ‘ಲೇ ಅಳಿಯಾ, ಕೈ ತಗಿ’ ಎಂದು ಕೇಳಿಸುತ್ತಿತ್ತು, ನಾನು ತೆಗೆಯುತ್ತಿದ್ದೆ.

ನನ್ನ ಕೈ ನಿಧಾನ, ಒಪ್ಪುತ್ತೇನೆ. ಏನು ಮಾಡುವುದಕ್ಕೂ ಮೊದಲು ಚಿಂತೆ ಮಾಡುವುದು ನನ್ನ ಜಾಯಮಾನ. ಒಮ್ಮೆ ಕೊಟ್ಟೂರಿಗೆ ಹೊರಟವನು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಇಳಿದು ವಾಪಸು ಓಡಿ ಬಂದಿದ್ದೆ. ಆಗಿನ್ನೂ ನಮ್ಮ ಮನೆಗೆ ಗ್ಯಾಸೇ ಬಂದಿರಲಿಲ್ಲ.

ಮಾವನದು ಕೊಟ್ಟೂರಿನಲ್ಲಿ ಪಂಪ್‌ಸೆಟ್ಟು ಮತ್ತು ಪೈಪಿನ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಊರೂರಿನಲ್ಲಿ ಬೋರ್‌ವೆಲ್ ಕೊರೆದದ್ದೇ ಕೊರೆದದ್ದು; ಮಾವನ ಪಂಪುಗಳೂ ಹೋದದ್ದೇ ಹೋದದ್ದು. ಖುಷಿಯಾದ ಕಂಪನಿಯವರು ಸಿಂಗಾಪುರದ ಪ್ರವಾಸ ಇಟ್ಟರು. ಅದರಲ್ಲಿ ಎರಡು ರಾತ್ರಿ ಹಡಗಿನ ವಾಸ. ಹಡಗಂತೆ! ನಮ್ಮ ಕಡೆ ಹಡಗು ಅಂತ ಇರುವುದು ಹಡಗಲಿ ಎಂಬ ಊರಿನ ಹೆಸರಿನಲ್ಲಿ ಮಾತ್ರ. ಅಲ್ಲಿಗೂ ನಾವು ಹೋಗುವುದು ಬಸ್ಸಿನಲ್ಲಿ.

ಟಿಕೆಟ್ಟು ಇಬ್ಬರಿಗಿತ್ತು. ಅತ್ತೆ ಖಂಡಿತ ಬರುವುದಿಲ್ಲ ಎಂದಳು. ಪಕ್ಕದ ಉಜ್ಜಿನಿಗೆ ಹೋಗುವ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವಳು ಸಮುದ್ರಕ್ಕೆ ಬಂದಾಳೆಯೇ? ಹೀಗಾಗಿ ನಾನು ಹೊರಟೆ. ಹಿಂದಿನ ದಿನ ಅವರ ಮನೆಗೆ ಹೋದಾಗ ಅತ್ತೆ ಮಾವನ ಪಟ್ಟಾಪಟ್ಟಿ ಚಡ್ಡಿಯ ಒಳಗೆ ಒಂದು ಕಳ್ಳಜೇಬು ಮಾಡಿ, ಡಾಲರು ತುಂಬಿ, ಬಾಯಿಗೆ ಎರಡೆಳೆ ದಾರದ ಹೊಲಿಗೆ ಹಾಕುತ್ತಿದ್ದಳು.

“ಅಲ್ಲತ್ತಿ, ಕಳ್ಳರು ಅಲ್ಲೀತನ ಎಲ್ಲಿ ಕೈ ಹಾಕ್ತಾರ?” ಎಂದೆ.

“ಕಳ್ಳರಿಗಲ್ಲಪ್ಪ, ನಿಮ್ಮ ಮಾವಗ. ಬಿಟ್ರ ಇಡೀ ಹಡಗಿಗೆ ಚಾ ಕುಡಿಸಿ ಬರ್ತಾನ.”

ಹಡಗು ನೋಡಿ ನಾನು ಬೆವೆತೆ. ಊರಿನ ಓಣಿಗಳನ್ನು ಒಂದರ ಮೇಲೊಂದು ಪೇರಿಸಿ ನೀರಿಗೆ ಬಿಟ್ಟಂತಿತ್ತು. ಮುಳುಗಿದರೆ ಯಾವ ಬಾಗಿಲು, ಯಾವ ಮೆಟ್ಟಿಲು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಕೌಂಟರಿನ ಹುಡುಗಿ ನಮಗೆ ಒಂದೊಂದು ಕಾರ್ಡು ಕೊಟ್ಟಳು. ರೂಮಿನ ಬಾಗಿಲಿಗೂ ಅದೇ, ಖರ್ಚಿಗೂ ಅದೇ. ಹಡಗಿನ ಒಳಗೆ ಯಾರೂ ನಗದು ಮುಟ್ಟುವುದಿಲ್ಲ. ಏನು ಕೊಂಡರೂ ಈ ಕಾರ್ಡು ಉಜ್ಜಿಸಿ ಸಹಿ ಹಾಕುವುದು, ಇಳಿಯುವ ದಿನ ಲೆಕ್ಕ. ಅದಕ್ಕಾಗಿ ಈಗ ಕ್ರೆಡಿಟ್ ಕಾರ್ಡು ತೋರಿಸಬೇಕು, ಇಲ್ಲವೇ ಡಾಲರಿನಲ್ಲಿ ಮುಂಗಡ ಇಡಬೇಕು. ಇಷ್ಟನ್ನೂ ನಾನು ಮಾವನಿಗೆ ಕನ್ನಡದಲ್ಲಿ ಹೇಳಿದೆ.

“ರೊಕ್ಕ ಮುಟ್ಟಂಗಿಲ್ಲಂದ್ರ ಇವರೇನು ಸನ್ಯಾಸಿಗಳೇನಲೇ?” ಎಂದವನು, “ಆತು, ಮುಂಗಡ ಇಡ್ತೀನಿ ತಡಿ” ಎಂದು ಸೊಂಟಕ್ಕೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಹಿಂದೆ ಉದ್ದನೆಯ ಸರದಿ. ಮುಂದೆ ಲಕ್ಷಣವಾಗಿ ನಗುತ್ತಿರುವ ಹುಡುಗಿ. ಒಳಗೆ ಅತ್ತೆಯ ಎರಡೆಳೆ ಹೊಲಿಗೆ. ಮಾವನ ಕೈ ಜಗತ್ತಿನ ಎದುರು ಮೊದಲ ಸಲ ತಡವಾಯಿತು.

ನಾನು ಬಿಡುತ್ತೇನೆಯೇ? ನನ್ನ ಹತ್ತಿರವೂ ಒಂದು ಕ್ರೆಡಿಟ್ ಕಾರ್ಡಿತ್ತು. ಟೈ ಕಟ್ಟಿದ ಹುಡುಗನೊಬ್ಬ ದಾವಣಗೆರೆಯಿಂದ ಶಾಲೆಗೆ ಬಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಸಹಿ ತೆಗೆದುಕೊಂಡು ಹೋಗಿದ್ದರ ಫಲ ಅದು. ತೆಗೆದು ನೋಡಿದರೂ ಬಡ್ಡಿ ಬೀಳುತ್ತದೇನೋ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಈಗ ಬಿಚ್ಚಿದೆ, ಕೊಟ್ಟೆ. ಆಕೆ ಉಜ್ಜಿ, ನಮ್ಮಿಬ್ಬರ ಲೆಕ್ಕವನ್ನೂ ಅದಕ್ಕೇ ಜೋಡಿಸಿದಳು. ಗೆದ್ದೆ!

ಮಾವ ನನ್ನ ಕಾರ್ಡನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. “ಇರ್ಲಿ, ಕಡೀಗೆ ನೋಡೂಣು” ಎಂದ.

ಗೆದ್ದ ಸಂತೋಷ ಮಧ್ಯಾಹ್ನದ ಚಹಾದವರೆಗೆ ಇತ್ತು. ಊಟದ ದೊಡ್ಡ ಕೋಣೆಯಲ್ಲಿ ಎಲ್ಲ ಪುಕ್ಕಟೆ. ಮೇಲಿನ ಅಂತಸ್ತಿನ ಚಹಾ, ಕಾಫಿ, ಪಾನಗಳಿಗೆ ಮಾತ್ರ ಕಾರ್ಡು. ಮಾವ ಸೀದಾ ಮೇಲಿನ ಅಂತಸ್ತಿಗೆ ಹೋದ. ನಮ್ಮ ತಂಡದಲ್ಲಿ ಹೊಸಪೇಟೆ, ಗಂಗಾವತಿ, ದಾವಣಗೆರೆ ಕಡೆಯ ಡೀಲರುಗಳಿದ್ದರು. ಅವರ ಬಳಿಯೂ ಕಾರ್ಡುಗಳಿದ್ದವು. ಇದರಿಂದ ಮಾವನಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಎಲ್ಲರೂ ತಮ್ಮ ತಮ್ಮ ಕಾರ್ಡು ತೆಗೆದರೆ ಯಾರ ಕೈ ಹಿಡಿಯುವುದು? ಜೇಬು ಎಳೆಯಬಹುದು, ಕಾರ್ಡು ಎಳೆಯುವುದು ಹೇಗೆ? ಸ್ವಲ್ಪ ಹೊತ್ತು ಯೋಚಿಸಿ ಊರಿನ ಹಳೆಯ ಉಪಾಯಕ್ಕೇ ಮರಳಿದ. “ಮೂತ್ರಕ್ಕ ಹೋಗಿ ಬರ್ತೀನಿ” ಎಂದು ಎದ್ದು ಹೋಗಿ, ಬಡಿಸುವವನ ಕೈಯಲ್ಲಿ ತನ್ನ ಕಾರ್ಡು ಇಟ್ಟು, ನಮ್ಮ ಮೇಜಿನ ಸುತ್ತ ಬೆರಳಿನಲ್ಲೇ ಒಂದು ಗೆರೆ ಎಳೆದು ತೋರಿಸಿ ಬಂದ. ಆ ಗೆರೆಯೊಳಗೆ ಇದ್ದವರ ಖರ್ಚೆಲ್ಲ ಅವನದು. ಅಂದರೆ ನಮ್ಮ ರೂಮಿನದು. ಅಂದರೆ ನನ್ನದು.

ಸಂಜೆ ಹೊತ್ತಿಗೆ ಗೆರೆ ದೊಡ್ಡದಾಯಿತು. ಮಾವ ಸ್ವತಃ ಮದ್ಯದ ಹನಿ ಮುಟ್ಟುವವನಲ್ಲ. ಆದರೆ ಮುಟ್ಟುವವರಿಗೆಲ್ಲ ಸಹಿ ಹಾಕಿದ.

“ಮಾವ, ನೀನು ಕುಡಿಯಂಗಿಲ್ಲ, ಇದ್ಯಾಕ ಬೇಕು?”

“ಕುಡಿಯೂದು ಅವರ ಕರ್ಮ, ಕುಡಿಸೂದು ನನ್ನ ಧರ್ಮ. ನೀ ಯಾಕ ಬೆವರ್ತಿ? ಎಸಿ ಐತಲ್ಲ.”

ನಾನು ಹೊರಗೆ ಕಂಬಿ ಹಿಡಿದು ನಿಂತೆ. ಹಡಗು ಮುಳುಗಬಹುದೆಂಬ ಭಯ ಹೋಗಿತ್ತು. ಮುಳುಗಿದರೆ ಬಿಲ್ಲು ಉಳಿಯುತ್ತದೆಯೇ ಇಲ್ಲವೇ ಎಂಬುದಷ್ಟೇ ಈಗ ಪ್ರಶ್ನೆ.

ಮರುದಿನ ಬೆಳಿಗ್ಗೆ ಪಕ್ಕದ ಮೇಜಿಗೆ ಯಾವುದೋ ದೇಶದ ಬಿಳಿಯ ಮುದುಕ ಮುದುಕಿ ಬಂದು ಕೂತರು. ಮಾವ ಅವರ ಚಹಾಕ್ಕೂ ಗೆರೆ ಎಳೆದ. ಮುದುಕನಿಗೆ ಗಾಬರಿ. ಎದ್ದು ಬಂದು, ನಾವು ನಿಮಗೆ ಪರಿಚಯವೇ ಎಂದು ಕೇಳಿದ. ನಾನು ಅದನ್ನು ಮಾವನಿಗೆ ಹೇಳಿದೆ.

“ಪರಿಚಯ ಆಗ್ಲಿ ಅಂತನ ಕುಡಿಸೀನಿ ಅಂತ ಹೇಳಲೇ.”

ಹೇಳಿದೆ. ಮುದುಕ ಒಪ್ಪಲಿಲ್ಲ, ತನ್ನ ಪಾಲು ತಾನೇ ಕೊಡುತ್ತೇನೆಂದು ಕಾರ್ಡು ತೆಗೆದ. ಮಾವನ ಮುಖ ಅರಳಿತು ನೋಡಿ. ಹಡಗು ಹತ್ತಿದ ಮೇಲೆ ಮೊದಲ ಸರಿಯಾದ ಜಗಳ! ಮುದುಕನ ಮಣಿಕಟ್ಟು ಹಿಡಿದ. ಮುದುಕ ಬಿಡಿಸಿಕೊಂಡ. ಮಾವ ಮತ್ತೆ ಹಿಡಿದ. ಮುದುಕಿ ನನ್ನ ಕಡೆ ನೋಡಿದಳು, ನಾನು ಸಮುದ್ರದ ಕಡೆ ನೋಡಿದೆ. ಕೊನೆಗೆ ಮುದುಕ ನಕ್ಕು ಸೋತ.

ಆದರೆ ಅವನೂ ಗಟ್ಟಿ ಆಸಾಮಿ. ಮಧ್ಯಾಹ್ನ ಮಾವ ಚಹಾ ಕುಡಿದು ಕಾರ್ಡು ಚಾಚಿದರೆ ಬಡಿಸುವವನು ತಲೆಯಾಡಿಸಿ, ದೂರದಲ್ಲಿ ಕೂತಿದ್ದ ಮುದುಕನನ್ನು ತೋರಿಸಿದ. ಮುದುಕ ಅಲ್ಲಿಂದಲೇ ಕೈ ಎತ್ತಿದ. ಮಾವ ಬಿಳಿಚಿಕೊಂಡ. ಕೈಯಲ್ಲಿದ್ದ ಖಾಲಿ ಕಪ್ಪನ್ನೇ ನೋಡುತ್ತ ಕೂತ.

“ನನಗ ಒಬ್ರು ಚಾ ಕುಡಿಸಿಬಿಟ್ರಲ್ಲೋ ಅಳಿಯಾ” ಎಂದ, ಯಾರೋ ತೀರಿಕೊಂಡ ಸುದ್ದಿ ಹೇಳುವಂತೆ. “ಊರಾಗ ಹೇಳಬ್ಯಾಡ.”

ಇಷ್ಟು ವರ್ಷ ನನ್ನಿಂದ ಆಗದ್ದನ್ನು ಭಾಷೆ ಬಾರದ ಮುದುಕ ಒಂದೇ ದಿನದಲ್ಲಿ ಮಾಡಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಒಂದು ಸಮಾಧಾನವಿತ್ತು: ಅವನು ಕೊಟ್ಟದ್ದು ಒಂದು ಚಹಾ, ನಾನು ಕೊಡುವುದು ಇಡೀ ಹಡಗಿನ ಬಿಲ್ಲು. ಸಂಬಳ ಎಷ್ಟು ತಿಂಗಳು ಅದಕ್ಕೇ ಹೋಗುತ್ತದೋ ಹೋಗಲಿ, ಮಾವನಿಗಾಗಿ ನಾನೂ ಒಮ್ಮೆ ಕೊಟ್ಟೆ ಎಂದಾಗುತ್ತದಲ್ಲ. ಹೀಗೆ ಧೈರ್ಯ ತಂದುಕೊಂಡು, ಮನೆಯಾಕೆಗೆ ಏನು ಹೇಳುವುದೆಂಬ ಹೊಸ ಚಿಂತೆಯೊಂದಿಗೆ ಮಲಗಿದೆ.

ಇಳಿಯುವ ಬೆಳಿಗ್ಗೆ ಎದ್ದಾಗ ಮಾವನ ಹಾಸಿಗೆ ಖಾಲಿ. ಹಾಸಿಗೆಯ ಮೇಲೆ ನನ್ನ ನೇಲ್ ಕಟರ್, ಪಕ್ಕದಲ್ಲಿ ಎರಡೆಳೆ ದಾರದ ಚೂರುಗಳು. ಚಪ್ಪಲಿ ಹಾಕದೆ ಕೌಂಟರಿಗೆ ಓಡಿದೆ.

ಹುಡುಗಿ ಕಂಪ್ಯೂಟರು ನೋಡಿ, ನಿಮ್ಮದು ಏನೂ ಬಾಕಿ ಇಲ್ಲ ಎಂದಳು. ಎಲ್ಲವನ್ನೂ ನಗದು ಕೊಟ್ಟು ತೀರಿಸಿಯಾಗಿದೆ, ನಿಮ್ಮ ಕಾರ್ಡಿಗೆ ಏನನ್ನೂ ಹಾಕಿಲ್ಲ. ಅವಳ ಮುಂದೆ ಸುರುಳಿ ಸುತ್ತಿಕೊಂಡ ಡಾಲರುಗಳ ಒಂದು ಗುಡ್ಡೆಯಿತ್ತು. ಅವಳು ಅವನ್ನು ಎರಡೇ ಬೆರಳಿನ ತುದಿಯಲ್ಲಿ ಹಿಡಿದು ಬಿಡಿಸುತ್ತಿದ್ದಳು.

ಮಾವ ಕಂಬಕ್ಕೆ ಒರಗಿ ನಿಂತಿದ್ದ.

“ಇಂಗ್ಲಿಷ್ ಬರದಂಗ ಹೆಂಗ ಹೇಳಿದಿ?”

“ಕ್ಯಾಷ್ ಅಂದ್ನಿ. ಅದು ಎಲ್ಲಾ ಭಾಷಿಯಾಗೂ ಒಂದ ಐತಿ. ನಿನ್ನ ಕಾರ್ಡು ಆ ಪ್ಲಾಸ್ಟಿಕ್ ಚೀಲದಾಗ ಇಟ್ಕಳಲೇ, ಮಳ್ಯಾಗ ತೊಯ್ದೀತು.”

ಊರಿಗೆ ಬಂದ ಮೇಲೆ ಬಿಚ್ಚಿದ ಹೊಲಿಗೆ ನೋಡಿ, ನಡೆದದ್ದೆಲ್ಲ ಕೇಳಿ ಅತ್ತೆ ನನ್ನ ಕಡೆ ತಿರುಗಿದಳು. “ಕಾಯಾಕ ಅಂತ ನಿನ್ನ ಕಳಿಸಿದ್ರ, ನೇಲ್ ಕಟರ್ ಬ್ಯಾರೆ ಒಯ್ದಿದ್ಯಾ?” ಎಂದಳು. ಇಡೀ ಪ್ರವಾಸದಲ್ಲಿ ನಾನು ಕೊಟ್ಟದ್ದು ಅದೊಂದೇ.

ಈ ಮಾತಿಗೆ ಕೆಲವು ವರ್ಷಗಳಾದವು. ಹೋದ ಚಳಿಗಾಲದಲ್ಲಿ ಮಾವನಿಗೆ ಬಲಗಡೆ ಲಕ್ವ ಹೊಡೆಯಿತು. ನಾಲಿಗೆ ಚೆನ್ನಾಗಿದೆ, ಕಾಲು ಎಳೆಯುತ್ತ ನಡೆಯುತ್ತಾನೆ. ಕೈ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಮೊನ್ನೆ ಕೊಟ್ಟೂರಿಗೆ ಹೋದಾಗ, ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗೋಣ ಎಂದು ಅವನೇ ಹೊರಡಿಸಿದ. ಮಿರ್ಚಿ ತಿಂದೆವು, ಚಹಾ ಕುಡಿದೆವು. ಹೋಟೆಲಿನ ಯಜಮಾನ ಬಂದು ಮೇಜಿನ ಬಳಿ ನಿಂತ.

ಮಾವನ ಕೈ ಜೇಬಿನ ಕಡೆ ಹೊರಟಿತು. ಜೇಬಿನ ಬಾಯಿ ಸಿಗಲಿಲ್ಲ. ಅಂಗಿಯ ಮೇಲೆಲ್ಲ ತಡಕಾಡಿತು. ಯಜಮಾನ ನನ್ನ ಕಡೆ ನೋಡಿದ. ನಾನು ಆಗಲೇ ಪರ್ಸು ತೆಗೆದಾಗಿತ್ತು. ನಮ್ಮ ಕಡೆಯ ಹೋಟೆಲಿನಲ್ಲಿ ಮೊದಲ ಸಲ ನನ್ನ ಕೈ ಮುಂದಿತ್ತು; ತಡೆಯುವವರು ಯಾರೂ ಇರಲಿಲ್ಲ. ಮಾವ ತಲೆ ಎತ್ತಿರಲಿಲ್ಲ. ಜೇಬಿನ ಅಂಚಿನಲ್ಲಿ ನಡುಗುತ್ತಿದ್ದ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

ನಾನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಪ್ಯಾಂಟಿನದು ಮುಟ್ಟಿದೆ. ಅರ್ಧ ಎದ್ದು ಬಲಗೈಯಲ್ಲಿ ಹಿಂದಿನದನ್ನೂ ತಟ್ಟಿದೆ. “ಥೂ ಇದರ, ಪರ್ಸು ಎಲ್ಲಿ ಹೋತು ಮಾವ?” ಎಂದೆ.

ಅಷ್ಟರಲ್ಲಿ ಅವನಿಗೆ ನೋಟು ಸಿಕ್ಕಿತು. ಮುದುಡಿದ ನೋಟನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ನಿಧಾನವಾಗಿ ನೀವಿ, ಯಜಮಾನನ ಕಡೆ ಸರಿಸಿದ.

“ಇವನದು ಯಾವಾಗ್ಲೂ ಇದ ಆತು ನೋಡ್ರಿ” ಎಂದ, ಹಳೆಯ ಗತ್ತಿನಲ್ಲಿ. “ಮನ್ಯಾಗ ಬಿಟ್ಟು ಬಂದಿರ್ತಾನ. ಕುಂದ್ರಲೇ ಅಳಿಯಾ, ನಾನು ಅದೀನಲ್ಲ.”

ಕೂತೆ. ಪರ್ಸು ನನ್ನ ಎಡಗೈಯಲ್ಲೇ ಇತ್ತು, ಮೇಜಿನ ಕೆಳಗೆ.